ಗೋಡೆಗೆ ಬೆಳಕು ಹಾಕಿ ನೋಡಿ: ಹಳೇ ಗಾಡಿಗಳ ಲೈಟಿನ ಗಾಜು, ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಡೈನಮೊ ರಿಪೇರಿ ಬಗ್ಗೆ ಬರೆದಿದ್ದೆ. ಕೊನೆಗೆ ಸುಮ್ನೆ ಒಂದು ಮಾತು ಸೇರಿಸಿದ್ದೆ, ನನ್ನ ಅಂಗಡಿಯ ಅಟ್ಟದ ಮೇಲೆ ಹಳೇ ಹೆಡ್‌ಲೈಟ್ ಗಾಜುಗಳ ರಾಶಿ ಇದೆ ಅಂತ. ಡೈನಮೊ ಬಗ್ಗೆ ಒಬ್ಬರೂ ಕೇಳಲಿಲ್ಲ. ಗಾಜಿನ ಬಗ್ಗೆ ಪತ್ರದ ಮೇಲೆ ಪತ್ರ. ಇರಲಿ, ಈ ಸಲ ಗಾಜೇ ಆಗಲಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ವೈರಿಂಗ್ ಕಲಿತವನು. ಯಾವ ಗಾಜಿಗೆ ಎಷ್ಟು ರೇಟು ಅಂತ ಕೇಳಬೇಡಿ. ಆ ಗಾಜು ಗಾಡಿಯಲ್ಲಿದ್ದಾಗ ಏನು ಕೆಲಸ ಮಾಡುತ್ತಿತ್ತು ಅಂತ ಕೇಳಿ, ಅದನ್ನು ಹೇಳುತ್ತೇನೆ.

ರಾಯಚೂರಿನ ಉಪನ್ಯಾಸಕರೊಬ್ಬರು ಕೇಳಿದ್ದಾರೆ: ನಮ್ಮ ತಾತನ ಮನೆ ತೀನ್ ಕಂದೀಲ್ ಹತ್ತಿರ. ಅಟ್ಟ ಸ್ವಚ್ಛ ಮಾಡುವಾಗ ಹಳೇ ಧೋತರದಲ್ಲಿ ಸುತ್ತಿಟ್ಟ ಎರಡು ದುಂಡು ಗಾಜು ಸಿಕ್ಕವು. ಎರಡೂ 7 ಇಂಚು. ಒಂದರ ಮೇಲೆ ಲೂಕಾಸ್ ಅಂತಿದೆ, ಇನ್ನೊಂದರ ಮೇಲೆ ಏನೂ ಇಲ್ಲ. ತಾತನ ಹತ್ತಿರ ಅಂಬಾಸಿಡರ್ ಇತ್ತಂತೆ. ಇವು ಅದರದೇ ಜೋಡಿನಾ?

ತೀನ್ ಕಂದೀಲ್ ಪಕ್ಕದ ಮನೆಯಲ್ಲಿ ಇನ್ನೂ ಎರಡು ಕಂದೀಲು! ಜಾಗದ ಹೆಸರಿಗೆ ತಕ್ಕ ಹಾಗೇ ಸಿಕ್ಕಿವೆ ಬಿಡಿ.

ಆದರೆ ಸರ್, ಬರೀ 7 ಇಂಚು ಅಂದರೆ ಇನ್ನೂ ಏನೂ ಹೇಳಿದ ಹಾಗಾಗಲಿಲ್ಲ. ಅಮೆರಿಕದಲ್ಲಿ 1940ರ ಮಾಡೆಲ್ ಕಾರುಗಳಿಂದ 7 ಇಂಚಿನ ದುಂಡು ಲೈಟೇ ರೂಢಿಯಾಯಿತು. ಇಂಗ್ಲೆಂಡಿನ ಕಾರುಗಳೂ ಆ ಅಳತೆಗೇ ಬಂದವು. ನಮ್ಮಲ್ಲಿ ಅಂಬಾಸಿಡರ್, ಮಹೀಂದ್ರ ಜೀಪು, ಬುಲೆಟ್ ಎಲ್ಲದರ ಮುಖವೂ ಅದೇ ಅಳತೆ. ಅಂಬಾಸಿಡರ್ ಒಂದೇ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಅಷ್ಟು ವರ್ಷದಲ್ಲಿ ಅದರ ಡೂಮಿಗೆ, ಅಂದರೆ ಗಾಜು ಕೂರುವ ಲೈಟಿನ ಗೂಡಿಗೆ, ಎಷ್ಟು ಥರದ ಗಾಜು ಕೂತಿರಬಹುದು, ನೀವೇ ಲೆಕ್ಕ ಹಾಕಿ.

ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಉಸ್ತಾದರು ಕೈಗೆ ಒಂದು ಗಾಜು ಕೊಟ್ಟು 'ಇದು ಯಾವುದು?' ಅಂದರು. ನಾನು ಅಂಚಿನ ಮೇಲಿದ್ದ ಅಕ್ಷರ ಕೂಡಿಸಿ ಓದಲು ಹೋದೆ. ಬೆನ್ನಿಗೆ ಒಂದು ಬಿತ್ತು. 'ಅಕ್ಷರ ಓದಾದಿದ್ರ ಸಾಲಿಗೆ ಹೋಗು. ಇಲ್ಲಿ ಗ್ವಾಡಿಗೆ ಬೆಳಕು ಹಾಕಿ ನೋಡು' ಅಂದರು. ಅವತ್ತಿನಿಂದ ನಾನು ಮೊದಲು ಗೋಡೆ ನೋಡುತ್ತೇನೆ, ಆಮೇಲೆ ಅಕ್ಷರ.

ನೀವೂ ಹಾಗೇ ಮಾಡಿ. ರಾತ್ರಿ ಕೋಣೆಯ ದೀಪ ಆರಿಸಿ. ಬೆಳಕು ಕೋಲಿನಂತೆ ನೆಟ್ಟಗೆ ಹೋಗುವ ಬ್ಯಾಟರಿ ಒಂದು ಬೇಕು. ಸುಣ್ಣ ಬಳಿದ ಗೋಡೆಯಿಂದ ಐದಾರು ಅಡಿ ದೂರ ನಿಂತು, ಬ್ಯಾಟರಿಯ ಮುಂದೆ ಗಾಜು ಹಿಡಿಯಿರಿ. ಉಬ್ಬು ಪಟ್ಟೆಗಳಿರುವ ಮುಖ ಬ್ಯಾಟರಿ ಕಡೆಗಿರಲಿ. ಗಾಡಿಯಲ್ಲೂ ಅದು ಒಳಗಡೆಗೇ ಇರುತ್ತದೆ, ಹೊರಗಿದ್ದರೆ ಧೂಳು ತುಂಬುತ್ತದಲ್ವಾ?

ಗೋಡೆಯ ಮೇಲೆ ಬೆಳಕು ಅಡ್ಡಕ್ಕೆ ಉದ್ದ ಪಟ್ಟಿಯಾಗಿ ಹರಡಿದರೆ ಗಾಜಿನ ಪಟ್ಟೆಗಳು ಉದ್ದುದ್ದ ನಿಂತಿವೆ ಅಂತ ಅರ್ಥ. ಇದು ಮೊದಮೊದಲು ನನಗೆ ತಲೆಕೆಳಗು ಅನ್ನಿಸುತ್ತಿತ್ತು. ನಿಂತ ಪಟ್ಟೆ ಬೆಳಕನ್ನು ಅಡ್ಡಕ್ಕೆ ಚೆಲ್ಲುತ್ತದೆ. ಒಂದೊಂದು ಪಟ್ಟೆಯೂ ಒಂದು ಸಣ್ಣ ಮಸೂರದ ಹಾಗೆ. ಡೂಮಿನ ಒಳಗಿನ ಕನ್ನಡಿ ಬಟ್ಟಲು ಬಲ್ಬಿನ ಬೆಳಕನ್ನು ಒಟ್ಟು ಮಾಡಿ ಒಂದೇ ಕಡೆ ನೆಟ್ಟಗೆ ಕಳಿಸುತ್ತದೆ. ಅದನ್ನು ರಸ್ತೆಯ ಅಗಲಕ್ಕೆ ಹರಡುವ ಕೆಲಸ ಗಾಜಿನದು. ಕೆಲವು ಗಾಜುಗಳಲ್ಲಿ ಪಟ್ಟೆ ಜೊತೆಗೆ ಚೌಕ ಚೌಕದ ಓರೆ ಕಟ್ಟುಗಳಿರುತ್ತವೆ. ಅವು ಬೆಳಕನ್ನು ಕೆಳಕ್ಕೆ ಬಗ್ಗಿಸಿ ಟೈರಿನ ಮುಂದಕ್ಕೆ ಬೀಳಿಸುತ್ತವೆ.

ಪಟ್ಟೆ ತುಂಬ ಒತ್ತೊತ್ತಾಗಿದ್ದು ಬೆಳಕು ಅಗಲವಾಗಿ, ಚಪ್ಪಟೆಯಾಗಿ ಬಿದ್ದರೆ ಅದು ಫಾಗ್ ಲ್ಯಾಂಪ್ ಗಾಜು. ನಡುವೆ ಹೆಚ್ಚುಕಮ್ಮಿ ನುಣುಪಾಗಿದ್ದು ಗೋಡೆ ಮೇಲೆ ದುಂಡು ಚುಕ್ಕೆ ಉಳಿದರೆ ದೂರ ಹೊಡೆಯುವ ಲೈಟಿನದು. ಲೂಕಾಸ್‌ನವರ ಎಸ್‌ಎಫ್‌ಟಿ 576 ಮತ್ತು ಎಸ್‌ಎಲ್‌ಆರ್ 576 ಅಂತ ಎರಡು ಲೈಟುಗಳಿದ್ದವು. ದೂರದಿಂದ ನೋಡಿದರೆ ಅವಳಿ ಜವಳಿ. ಮೊದಲನೆಯದು ಮಂಜಿಗೆ, ಎರಡನೆಯದು ದೂರಕ್ಕೆ. ವ್ಯತ್ಯಾಸ ಗೊತ್ತಾಗುವುದು ಗಾಜಿನಲ್ಲಿ.

ನಿಮ್ಮ ಎರಡೂ ಗಾಜು ಗೋಡೆಯ ಮೇಲೆ ಒಂದೇ ಚಿತ್ರ ಬಿಡಿಸಿದರೆ ಜೋಡಿ ಅನ್ನಿ, ಒಂದರ ಮೇಲೆ ಹೆಸರಿಲ್ಲದಿದ್ದರೂ ಪರವಾಗಿಲ್ಲ. ಬೇರೆ ಬೇರೆ ಬಿದ್ದರೆ ಒಂದು ಒಡೆದಾಗ ತಾತ ಸಿಕ್ಕಿದ್ದನ್ನು ತಂದು ಹಾಕಿಸಿದ್ದಾರೆ ಅಂತ ತಿಳಿಯಿರಿ. ಆ ಕಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು.

ಈಗ ಅಕ್ಷರಕ್ಕೆ ಬನ್ನಿ. ಲೂಕಾಸ್ ಬರ್ಮಿಂಗ್‌ಹ್ಯಾಮಿನ ಕಂಪನಿ. 'ಕಿಂಗ್ ಆಫ್ ದ ರೋಡ್' ಅನ್ನುವುದು ಅವರ ಹಳೇ ಗುರುತು, ಸೈಕಲ್ ಲಾಂದ್ರದ ಕಾಲದಿಂದಲೂ ಇತ್ತು. ಹೆಸರಿನ ಜೊತೆ 'ಮೇಡ್ ಇನ್ ಇಂಗ್ಲೆಂಡ್' ಅಂತಿದೆಯಾ ನೋಡಿ. ಅದರ ಬದಲು ಟಿವಿಎಸ್ ಹೆಸರೂ ಸೇರಿದ್ದರೆ 1961ಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ, ಲೂಕಾಸ್-ಟಿವಿಎಸ್ ಕಂಪನಿ ಮದ್ರಾಸಿನಲ್ಲಿ ಹುಟ್ಟಿದ್ದೇ ಆ ವರ್ಷ. 'ಟಾಪ್' ಅಂತ ಒಂದು ಪದ ಇದ್ದರೆ ಅದು ಫಿಟ್ಟರ್‌ಗೆ ಹೇಳಿದ ಮಾತು, ಈ ಕಡೆ ಮೇಲೆ ಬರಲಿ ಅಂತ. ಒಬ್ಬ ಗಿರಾಕಿ ಅದನ್ನು ಕ್ವಾಲಿಟಿ ಗುರುತು ಅಂದುಕೊಂಡು 'ಟಾಪ್ ಮಾಲು' ಅಂತ ನನಗೇ ಮಾರಲು ಬಂದಿದ್ದ.

ಗಾಜಿನ ಜೊತೆ ರಿಮ್ಮು, ಡೂಮು ಸಿಕ್ಕಿದ್ದರೆ ಇನ್ನೂ ಒಂದು ಸಲ ಅಟ್ಟ ಹತ್ತಿ ತನ್ನಿ. ಲೂಕಾಸ್ ತನ್ನ ಸಾಮಾನಿನ ಲೋಹದ ಮೇಲೆ ತಿಂಗಳು ಮತ್ತು ವರ್ಷ ಒತ್ತುತ್ತಿತ್ತು. '9 62' ಅಂತಿದ್ದರೆ 1962ರ ಸೆಪ್ಟೆಂಬರ್. ಹಾಗೆಯೇ ಗಾಜಿನ ಹಿಂದೆ, ಬಲ್ಬಿನ ಎದುರಿಗೆ, ಮೂರು ಕಾಲಿನ ಮೇಲೆ ಕೂತ ಸಣ್ಣ ಮುಚ್ಚಳ ಕಂಡರೆ ಅದನ್ನು ಬಿಚ್ಚದೆ ಹಾಗೇ ಇಡಿ. ಅದು ಪಿ 700 ಅನ್ನುವ ಲೈಟು. ಹಳೇ ಇಂಗ್ಲಿಷ್ ಕಾರು ಇಟ್ಟುಕೊಂಡವರು ಅದಕ್ಕಾಗಿ ಜೀವ ಬಿಡುತ್ತಾರೆ.

ಗಂಗಾವತಿಯ ರೈಸ್ ಮಿಲ್ ಮಾಲೀಕರೊಬ್ಬರ ಪ್ರಶ್ನೆ: ಹಳೇ ಅಮೆರಿಕನ್ ಕಾರಿನ ದೊಡ್ಡ ಗಾಜು ಅಂತ ಒಬ್ಬರು ತೋರಿಸಿದರು. ನೇರಳೆ ಬಣ್ಣ. ಹರಳಿನ ಪುಡಿ ಹಾಕಿ ಮಾಡಿದ್ದು, ಅದಕ್ಕೇ ರೇಟು ಜಾಸ್ತಿ ಅನ್ನುತ್ತಾರೆ. ನಿಜವೇ?

ಹರಳೂ ಇಲ್ಲ, ಮುತ್ತೂ ಇಲ್ಲ. ಅದು ನಮ್ಮ ಸಂಡೂರಿನ ಗುಡ್ಡದಲ್ಲಿ ಸಿಗುವ ಮ್ಯಾಂಗನೀಸಿನ ಆಟ. ಅಂದರೆ ಸಂಡೂರಿನದೇ ಅಂತಲ್ಲ, ಅದೇ ಜಾತಿಯ ಅದಿರು.

ಗಾಜು ಮಾಡುವ ಮರಳಿನಲ್ಲಿ ಸ್ವಲ್ಪ ಕಬ್ಬಿಣ ಇದ್ದೇ ಇರುತ್ತದೆ. ಅದರಿಂದ ಗಾಜಿಗೆ ಹಸಿರು ಛಾಯೆ ಬರುತ್ತದೆ. ಅದನ್ನು ಮರೆಮಾಚಲು ಹಿಂದೆ ಚೂರು ಮ್ಯಾಂಗನೀಸ್ ಹಾಕುತ್ತಿದ್ದರು, ಗಾಜು ಬಿಳಿಯಾಗಿ ಕಾಣುತ್ತಿತ್ತು. ಆದರೆ ಅಂಥ ಗಾಜು ವರ್ಷಗಟ್ಟಲೆ ಬಿಸಿಲಲ್ಲಿದ್ದರೆ ಮೆಲ್ಲಗೆ ನೇರಳೆಗೆ ತಿರುಗುತ್ತದೆ. ಅಮೆರಿಕದ ಗಾಜಿನ ಕಾರ್ಖಾನೆಗಳು ಮೊದಲ ಮಹಾಯುದ್ಧದ ಹೊತ್ತಿಗೆ ಮ್ಯಾಂಗನೀಸ್ ಬಿಟ್ಟು ಸೆಲೆನಿಯಂ ಕಡೆ ಹೊರಳಿದವು. ಹಾಗಾಗಿ ತಿಳಿ ನೇರಳೆ ಬಣ್ಣ ಹಳೇತನಕ್ಕೆ ಒಳ್ಳೆಯ ಸಾಕ್ಷಿ.

ತಿಳಿ ಅಂದೆ, ನೆನಪಿರಲಿ. ಬಿಳಿ ಹಾಳೆಯ ಮೇಲಿಟ್ಟರೆ ಮಾತ್ರ ಗೊತ್ತಾಗುವಷ್ಟು. ನೇರಳೆಹಣ್ಣು ತಿಂದ ನಾಲಿಗೆಯ ಹಾಗೆ ಗಾಢವಾಗಿದ್ದರೆ ಅನುಮಾನ ಪಡಿ. ಯಂತ್ರದೊಳಗಿಟ್ಟು ವಿಕಿರಣ ಹಾಯಿಸಿ ಈ ಬಣ್ಣ ಬೇಗ ಬರಿಸುವವರಿದ್ದಾರೆ. ನೆರಳಲ್ಲಿ ಅಂಗಡಿಯೊಳಗೇ ಇದ್ದ ಗಾಜಿಗೆ ಹೇಗೆ ಅಷ್ಟು ಬಣ್ಣ ಬಂತು ಅಂತ ಒಮ್ಮೆ ಕೇಳಿ ನೋಡಿ, ಮುಖ ನೋಡಿದರೇ ಉತ್ತರ ಸಿಗುತ್ತದೆ.

ಮುನಿರಾಬಾದಿನಿಂದ ಒಬ್ಬರು: ನಮ್ಮಜ್ಜ ತುಂಗಭದ್ರಾ ಡ್ಯಾಂ ಕಟ್ಟುವಾಗ ಜೀಪ್ ಡ್ರೈವರ್. ಮಿಲಿಟರಿಯಿಂದ ಹರಾಜಿಗೆ ಬಂದ ಜೀಪಂತೆ. ಅದರ ಒಂದು ಹೆಡ್‌ಲೈಟ್ ಮನೆಯಲ್ಲಿದೆ. ಮುಂದಿನ ಗಾಜು ಮಾತ್ರ ಕತ್ತರಿಸಿ ತೆಗೆದು ಅಜ್ಜನ ಫೋಟೊ ಜೊತೆ ಫ್ರೇಮ್ ಹಾಕಿಸಬೇಕು. ಹೇಗೆ?

ಹಾಕಿಸಬೇಡಿ ಅಣ್ಣಾ, ಕೈ ಮುಗಿಯುತ್ತೇನೆ.

ಡ್ಯಾಮಿನ ಕೆಲಸ 1945ರಲ್ಲಿ ಶುರುವಾಗಿ 1953ಕ್ಕೆ ಮುಗಿಯಿತು. ಯುದ್ಧ ಮುಗಿದ ಮೇಲೆ ಮಿಲಿಟರಿ ಜೀಪುಗಳು ದೇಶದ ತುಂಬ ಬಿಕರಿಯಾದವು, ನಿಮ್ಮಜ್ಜ ಹೇಳಿದ್ದು ಸರಿ ಹೊಂದುತ್ತದೆ. ಆ ಜೀಪಿನ ಹೆಡ್‌ಲೈಟು ಸೀಲ್ಡ್ ಬೀಮ್. ಅಂದರೆ ಗಾಜು, ಕನ್ನಡಿ, ಒಳಗಿನ ತಂತಿ ಎಲ್ಲ ಸೇರಿ ಒಂದೇ ಬಲ್ಬು. ತಂತಿ ಸುಟ್ಟರೆ ಪೂರ್ತಿ ಲೈಟನ್ನೇ ಎಸೆದು ಹೊಸದು ಹಾಕುತ್ತಿದ್ದರು. ಅದರ ಮುಂದಿನ ಗಾಜು ಬೇರೆ ಸಾಮಾನೇ ಅಲ್ಲ. ಕತ್ತರಿಸುವುದೆಂದರೆ ಬಲ್ಬ್ ಒಡೆದು ಚೂರು ಫ್ರೇಮ್ ಹಾಕಿಸಿದ ಹಾಗೆ.

ಇಡಿಯಾಗಿಯೇ ಒಂದು ಮರದ ಪೆಟ್ಟಿಗೆಯಲ್ಲಿ ಕೂಡಿಸಿ. ಒಂದು ಎಚ್ಚರ, ಅವು 6 ವೋಲ್ಟಿನವು. ಉರಿಯುತ್ತದಾ ನೋಡೋಣ ಅಂತ ಈಗಿನ 12 ವೋಲ್ಟ್ ಬ್ಯಾಟರಿಗೆ ಕೊಟ್ಟರೆ ಒಂದು ಕ್ಷಣ ಸೂರ್ಯನಂತೆ ಬೆಳಗಿ, ಎಂಬತ್ತು ವರ್ಷದ ತಂತಿ ಕಣ್ಣೆದುರೇ ಹೋಗುತ್ತದೆ.

ಜೀಪಿನ ಬೇರೆ ಸಾಮಾನೇನಾದರೂ ಉಳಿದಿದ್ದರೆ ಅದರ ಮೇಲೆ ಇಂಗ್ಲಿಷಿನ ಎಫ್ ಅಕ್ಷರ ಕೈಬರಹದ ಥರ ಇದೆಯಾ ಹುಡುಕಿ. ಇದ್ದರೆ ಅದು ಫೋರ್ಡ್ ಮಾಡಿದ್ದು. ಯುದ್ಧದ ಜೀಪುಗಳನ್ನು ವಿಲ್ಲೀಸ್ ಜೊತೆ ಫೋರ್ಡ್ ಕೂಡ ಮಾಡಿತ್ತು.

ಬಳ್ಳಾರಿ ಗಾಂಧಿನಗರದ ಇಂಜಿನಿಯರಿಂಗ್ ವಿದ್ಯಾರ್ಥಿನಿ ಬರೆಯುತ್ತಾಳೆ: ಮಾಮಾ, ನಮ್ಮಪ್ಪನ ಅಂಬಾಸಿಡರ್ 1968ರದ್ದು. ಅಪ್ಪನ ಹುಟ್ಟುಹಬ್ಬಕ್ಕೆ ಯುರೋಪಿನಿಂದ ಒಂದು ಜೊತೆ ಹಳೇ ಹೆಡ್‌ಲೈಟ್ ತರಿಸಿದೆ. ಗಾಜು ಚೆನ್ನಾಗಿದೆ. ಆದರೆ ಹಾಕಿದ ದಿನದಿಂದ ಎದುರು ಬರುವವರೆಲ್ಲ ಹಾರ್ನ್ ಹೊಡೆದು ಬಯ್ಯುತ್ತಾರೆ. ಡಿಮ್ ಮಾಡಿದರೂ ಬಯ್ಯುತ್ತಾರೆ. ಅಪ್ಪ ಈಗ ರಾತ್ರಿ ಗಾಡಿನೇ ತೆಗೆಯುವುದಿಲ್ಲ.

ಬಯ್ಯುವವರದ್ದು ತಪ್ಪಿಲ್ಲ ಮಗಳೇ. ಲೈಟು ಬಲಗಡೆ ಓಡಿಸುವ ದೇಶದ್ದು.

ನೀನು ಕಳಿಸಿದ ಫೋಟೊ ನೋಡಿದೆ. ಗಾಜಿನ ಮೇಲೆ ದುಂಡು ಗೆರೆಯೊಳಗೆ ಇಂಗ್ಲಿಷಿನ ಇ ಅಕ್ಷರ, ಪಕ್ಕದಲ್ಲಿ 1. ಇದು 1958ರಲ್ಲಿ ಯುರೋಪಿನ ದೇಶಗಳು ಮಾಡಿಕೊಂಡ ಒಪ್ಪಂದದ ಗುರುತು. 1 ಅಂದರೆ ಜರ್ಮನಿ. 2 ಫ್ರಾನ್ಸ್, 3 ಇಟಲಿ, 4 ನೆದರ್ಲೆಂಡ್ಸ್, 11 ಬ್ರಿಟನ್. ಆ ದೇಶದಲ್ಲಿ ತಯಾರಾಗಿದೆ ಅಂತಲ್ಲ, ಆ ದೇಶ ಪರೀಕ್ಷೆ ಮಾಡಿ ಒಪ್ಪಿದೆ ಅಂತ. ಇಟಲಿಯಲ್ಲಿ ಮಾಡಿದ ಗಾಜಿಗೆ ಜರ್ಮನಿಯ ಅಂಕಿ ಇರಬಹುದು. ಗಾಜು ಸಂಗ್ರಹಿಸುವವರಿಗೆ ಇದರಿಂದ ಇನ್ನೊಂದು ಲಾಭ ಇದೆ. ಈ ಗುರುತಿದ್ದರೆ ಅದು 1958ಕ್ಕಿಂತ ಹಿಂದಿನದಲ್ಲ. ಮಾರುವವನು 'ಯುದ್ಧಕಾಲದ್ದು' ಅಂದರೆ ನಕ್ಕು ಎದ್ದು ಬರಬಹುದು.

ಈಗ ಬಾಣ. ಈ ಥರದ ಗಾಜಿನ ಮೇಲೆ ಅಡ್ಡಬಾಣ ಇದೆಯಾ ಅಂತ ನೋಡಬೇಕು. ಲೈಟಿನ ಎದುರಿಗೆ ನಿಂತಾಗ ಬಾಣ ನಿನ್ನ ಬಲಗಡೆಗೆ ತೋರಿಸಿದರೆ ಅದು ಎಡಗಡೆ ಓಡಿಸುವ ನಮ್ಮಂಥ ದೇಶದ್ದು. ಗೊಂದಲ ಆಗಬೇಡ, ಗಾಡಿಗೆ ಎದುರು ನಿಂತಾಗ ನಿನ್ನ ಬಲ ಅಂದರೆ ಗಾಡಿಯ ಎಡ. ಬಾಣಕ್ಕೆ ಎರಡೂ ಕಡೆ ಮೊನೆ ಇದ್ದರೆ ಎರಡಕ್ಕೂ ಹೊಂದಿಸಬಹುದು. ಬಾಣವೇ ಇಲ್ಲದಿದ್ದರೆ ಬಲಗಡೆ ಓಡಿಸುವವರದ್ದು. ನಿನ್ನದರಲ್ಲಿ ಬಾಣ ಇಲ್ಲ.

ನಂಬಿಕೆ ಬರದಿದ್ದರೆ ಗಾಡಿಯನ್ನು ಗೋಡೆಯಿಂದ 25 ಅಡಿ ದೂರ ಸಮನಾದ ಜಾಗದಲ್ಲಿ ನಿಲ್ಲಿಸಿ ಡಿಮ್ ಹಾಕು. ಬೆಳಕಿನ ಮೇಲಂಚು ಒಂದು ಕಡೆ ಮಟ್ಟಸವಾಗಿ, ಇನ್ನೊಂದು ಕಡೆ ಓರೆಯಾಗಿ ಮೇಲೇರುತ್ತದೆ. ಮೇಲೇರುವುದು ರಸ್ತೆಯ ಪಕ್ಕದ ಮೈಲಿಗಲ್ಲು, ನಡೆದು ಹೋಗುವವರು ಕಾಣಲಿ ಅಂತ. ನಮ್ಮಲ್ಲಿ ಅದು ಎಡಕ್ಕೆ ಏರಬೇಕು. ನಿನ್ನ ಗಾಡಿಯಲ್ಲಿ ಬಲಕ್ಕೆ ಏರುತ್ತಿದೆ, ನೇರ ಎದುರಿನವರ ಕಣ್ಣಿಗೆ. ಗಾಜು ತಿರುಗಿಸಿ ಹಾಕಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡ. ಬೆಳಕು ಎಲ್ಲೆಲ್ಲೋ ಹೋಗುತ್ತದೆ.

ಇನ್ನೊಂದು ವಿಷಯ. ಗಾಜಿನ ಮೇಲೆ ಎಚ್, ಸಿ, ಆರ್ ಅಂತ ಮೂರು ಅಕ್ಷರ ಇವೆ. ಎಚ್ ಅಂದರೆ ಹ್ಯಾಲೊಜನ್, ಸಿ ಅಂದರೆ ಡಿಮ್, ಆರ್ ಅಂದರೆ ಫುಲ್ ಲೈಟು. ಒಂದೇ ಬಲ್ಬಿನಲ್ಲಿ ಡಿಮ್ಮು ಫುಲ್ಲು ಎರಡೂ ಕೊಡುವ ಹ್ಯಾಲೊಜನ್ ಬಲ್ಬು, ಎಚ್ 4, ಬಂದದ್ದು 1971ರಲ್ಲಿ. ಅಂದರೆ ಈ ಲೈಟು ಅಪ್ಪನ ಗಾಡಿಗಿಂತ ವಯಸ್ಸಿನಲ್ಲಿ ಚಿಕ್ಕದು. ಮಾರಿದವರು 'ಅರವತ್ತರ ದಶಕದ್ದು' ಅಂದಿದ್ದಾರೆ ಅಂತ ಬರೆದಿದ್ದೀಯ. ಗಾಜೇ ಬೇರೆ ಹೇಳುತ್ತಿದೆ. ಹಳೇ ಡೂಮ್ ಎಸೆದಿಲ್ಲ ತಾನೇ? ಅದನ್ನೇ ವಾಪಸ್ ಹಾಕಿಸು. ಹೊಸದನ್ನು ಷೋಕೇಸಿನಲ್ಲಿಡು. ಅಪ್ಪನಿಗೆ ನಾನು ಹೇಳಿದೆ ಅಂತ ಹೇಳು, ಮಗಳ ಉಡುಗೊರೆ ಗೋಡೆಗೂ ಚೆಂದ.

ಹಳದಿ ಗಾಜು ಅಂದರೆ ಫಾಗ್ ಲ್ಯಾಂಪಿನದೇ ಅಲ್ವಾ ಅಂತ ಇನ್ನೊಬ್ಬರು ಕೇಳಿದ್ದಾರೆ, ಇದೇ ಮಾತಿನಲ್ಲಿ ಅವರಿಗೂ ಉತ್ತರ. ಹಳದಿ ಗಾಜೆಲ್ಲ ಫಾಗ್ ಲ್ಯಾಂಪ್ ಅಲ್ಲ. ಫ್ರಾನ್ಸಿನಲ್ಲಿ 1930ರ ದಶಕದ ಕೊನೆಯಿಂದ 1993ರವರೆಗೆ ಹೆಡ್‌ಲೈಟೇ ಹಳದಿ ಇರಬೇಕಿತ್ತು. ಗಾಜಿನ ಮೇಲೆ ಬೆಕ್ಕಿನ ಮುಖ ಇದ್ದರೆ ಅದು ಮಾರ್ಷಲ್ ಅನ್ನುವ ಫ್ರೆಂಚ್ ಕಂಪನಿ.

ಕೊಪ್ಪಳದ ಗೃಹಿಣಿಯೊಬ್ಬರು: ಯಜಮಾನರು ಲಾರಿ ಗಾಜು ಕೂಡಿಸುತ್ತಾರೆ, ತೊಳೆಯುವವಳು ನಾನು. ಸೋಪು, ಬೂದಿ, ಹುಣಸೆಹಣ್ಣು ಎಲ್ಲ ಹಾಕಿ ಉಜ್ಜಿದೆ. ಮಂಜು ಮಂಜು ಹೋಗುತ್ತಲೇ ಇಲ್ಲ.

ಮೊದಲು ಬೂದಿ ಬಿಡಿ ಅಕ್ಕಾ. ಬೂದಿ, ಮರಳು, ಪಾತ್ರೆ ಉಜ್ಜುವ ಪುಡಿ ಯಾವುದೂ ಬೇಡ. ಅದರ ಗೀರು ಶಾಶ್ವತ.

ನಿಮ್ಮ ಗಾಜಿನ ಮಂಜು ಕೊಳೆಯೋ ಅಲ್ಲವೋ ಅಂತ ತಿಳಿಯಲು ಒಂದು ಸುಲಭದ ದಾರಿ ಇದೆ. ನೀರಲ್ಲಿ ಅದ್ದಿ. ಒದ್ದೆ ಇರುವಾಗ ತಿಳಿಯಾಗಿ, ಒಣಗಿದ ಕೂಡಲೇ ಮತ್ತೆ ಮಂಜಾದರೆ ಅದು ಕೊಳೆ ಅಲ್ಲ. ಗಾಜಿನ ಮೈಯೇ ತರಿ ತರಿಯಾಗಿದೆ. ಕಣ್ಣಿಗೆ ಕಾಣದ ಗುಳಿಗಳಲ್ಲಿ ನೀರು ತುಂಬಿದಾಗ ಮಾತ್ರ ಬೆಳಕು ನೆಟ್ಟಗೆ ಹಾಯುತ್ತದೆ.

ನಮ್ಮ ಕಡೆ ಲಾರಿಗಳಲ್ಲಿ ಇದು ಬಹಳ. ಅದಿರಿನ ಕಾಲದಲ್ಲಿ ಒಂದರ ಹಿಂದೊಂದು ಲಾರಿ, ಹಿಂದಿನವನ ಗಾಜಿಗೆ ಮುಂದಿನವನ ಕೆಂಧೂಳು. ವರ್ಷ ಎರಡು ವರ್ಷಕ್ಕೆ ಗಾಜು ಬಾತ್‌ರೂಮ್ ಕಿಟಕಿ ಥರ ಆಗುತ್ತಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿ ನಿಲ್ಲಿಸಿದ ಮೇಲೆ ಎಷ್ಟೋ ಲಾರಿ ನಿಂತಲ್ಲೇ ನಿಂತು ಗುಜರಿಗೆ ಬಂದವು. ನನ್ನ ಅರ್ಧ ಸಂಗ್ರಹ ಆಗ ಸೇರಿದ್ದು. ಕೆಲವು ಗಾಜುಗಳ ಕೆಳಗಿನ ಅರ್ಧ ಮಾತ್ರ ಮಂಜು. ಮೇಲರ್ಧಕ್ಕೆ ಡ್ರೈವರ್ ಕರೀ ಪೇಂಟ್ ಬಳಿದಿದ್ದ, ಪೇಂಟು ಕೆರೆದಾಗ ಒಳಗೆ ಹೊಸದರಂಥ ಗಾಜು. ಅಂಥ ಮಂಜನ್ನು ತೆಗೆಯಲು ಹೋಗಬೇಡಿ. ತೆಗೆಯಲೂ ಆಗುವುದಿಲ್ಲ, ತೆಗೆಯಲೂಬಾರದು ಅನ್ನುವವನು ನಾನು.

ಒದ್ದೆಯಾದರೂ ಬಿಳಿ ಕಲೆ ಹಾಗೇ ಉಳಿದರೆ ಅದು ಬೋರಿನ ನೀರಿನ ಸುಣ್ಣ. ನಿಂಬೆರಸ ಹಚ್ಚಿ ಅರ್ಧ ಗಂಟೆ ಬಿಟ್ಟು ಮೆತ್ತಗಿನ ಬ್ರಷ್‌ನಿಂದ ತಿಕ್ಕಿ. ಕಾಮನಬಿಲ್ಲಿನ ಬಣ್ಣ ಆಡುತ್ತಿದ್ದರೆ ಬಹಳ ದಿನ ಒದ್ದೆ ಮಣ್ಣಲ್ಲಿ ಬಿದ್ದಿತ್ತು ಅಂತ. ಅದೂ ಹೋಗುವುದಿಲ್ಲ. ಹುಣಸೆಹಣ್ಣು ಹಿತ್ತಾಳೆ ರಿಮ್ಮಿಗೆ ಮಾತ್ರ. ಒಳಗಿನ ಕನ್ನಡಿ ಬಟ್ಟಲಿಗೆ ಬಟ್ಟೆ ಇರಲಿ, ಬೆರಳೂ ತಾಗಿಸಬೇಡಿ. ಬೆಳ್ಳಿ ಬಣ್ಣ ಬೆರಳಿಗೇ ಬಂದುಬಿಡುತ್ತದೆ.

ಬಿಸಿನೀರು ಬೇಡವೇ ಬೇಡ. ಒಂದು ಡಿಸೆಂಬರ್ ಬೆಳಿಗ್ಗೆ ಹಳೇ ಗ್ರೀಸ್ ಹೋಗಲಿ ಅಂತ ಸ್ನಾನದ ಹಂಡೆಯಿಂದ ಒಂದು ಚೊಂಬು ನೀರು ತೆಗೆದು ಗಾಜಿನ ಮೇಲೆ ಸುರಿದೆ. ಮೇಲೆ ಹೇಳಿದೆನಲ್ಲ, ಎಸ್‌ಎಫ್‌ಟಿ 576, ಅದೇ. ಟಪ್ ಅಂತ ಒಂದು ಸದ್ದು. ಎರಡು ಹೋಳು. ಆ ಹೋಳುಗಳು ಈಗಲೂ ಅಂಗಡಿಯ ದೇವರ ಫೋಟೊ ಪಕ್ಕ ಇವೆ.

ಸಿಂಧನೂರಿನಿಂದ: ಒರಿಜಿನಲ್ ಯಾವುದು, ಡುಪ್ಲಿಕೇಟ್ ಯಾವುದು ಅಂತ ಮುಟ್ಟಿ ನೋಡಿದರೆ ತಿಳಿಯುತ್ತದೆಯೇ?

ಎಷ್ಟೋ ಸಲ ತಿಳಿಯುತ್ತದೆ. ಹಳೇ ಗಾಜನ್ನೇ ಅಚ್ಚಿಗೆ ಒತ್ತಿ ಮಾಡಿದ ನಕಲಿನಲ್ಲಿ ಅಕ್ಷರದ ಅಂಚು ಮೊಂಡಾಗಿರುತ್ತದೆ, ಸವೆದ ನಾಣ್ಯದ ಹಾಗೆ. ಬಿಸಿ ಗಾಜು ಆರುವಾಗ ಕುಗ್ಗುವುದರಿಂದ ನಕಲು ಕೂದಲೆಳೆಯಷ್ಟು ಚಿಕ್ಕದೂ ಆಗಬಹುದು. ವರ್ನಿಯರ್ ಇಟ್ಟು ಅಳೆಯಿರಿ. ಹಿಂದಿನ ದಿನದ ಅಚ್ಚು ಗಾಜಿನಲ್ಲಿ ಕೆಲವೊಮ್ಮೆ ಸಣ್ಣ ಗುಳ್ಳೆ, ಕೂದಲಿನಂಥ ಗೆರೆ ಇರುತ್ತವೆ. ಕಾದ ಗಾಜಿನ ಮುದ್ದೆಯನ್ನು ಕತ್ತರಿಯಿಂದ ಕತ್ತರಿಸಿ ಅಚ್ಚಿಗೆ ಹಾಕುತ್ತಿದ್ದ ಗುರುತು ಅದು. ದೋಷ ಅಂತ ಬಿಡಬೇಡಿ.

ಹಿಂದಿನ ಲೈಟಿನ ಕೆಂಪು ಗಾಜಾದರೆ ಅಂಚಿನಲ್ಲಿ ಎಲ್ಲಾದರೂ ಚಿಪ್ಪು ಎದ್ದಿದೆಯಾ ನೋಡಿ. ಒಳಗೂ ಕೆಂಪಿದ್ದರೆ ಗಾಜೇ ಕೆಂಪು. ಬಿಳಿ ಕಂಡರೆ ಮೇಲಿನ ಲೇಪ. ಗಾಜೋ ಪ್ಲಾಸ್ಟಿಕ್ಕೋ ಅನ್ನುವ ಅನುಮಾನವಿದ್ದರೆ ಹಲ್ಲಿಗೆ ಮೆಲ್ಲಗೆ ತಾಗಿಸಿ, ಗಾಜು ಟಣ್ ಅನ್ನುತ್ತದೆ. ಗುಜರಿಯಲ್ಲಿ ಮಾಡಬೇಡಿ, ಮೊದಲು ತೊಳೆಯಿರಿ. ಸೂಜಿ ಕಾಯಿಸಿ ಚುಚ್ಚುವವರಿದ್ದಾರೆ, ಅಂಥವರನ್ನು ಅಂಗಡಿಗೆ ಸೇರಿಸಬಾರದು.

ಆದರೆ ಡುಪ್ಲಿಕೇಟ್ ಅಂತ ಮೂಗು ಮುರಿಯಬೇಡಿ. ಫಿರೋಜಾಬಾದಿನಲ್ಲಿ ಬಳೆಯ ಜೊತೆಗೆ ಗಾಡಿ ಲೈಟಿನ ಗಾಜೂ ತಯಾರಾಗುತ್ತದೆ. ನಮ್ಮ ಎಷ್ಟೋ ಹಳೇ ಗಾಡಿಗಳು ಇನ್ನೂ ಕಣ್ಣು ಬಿಟ್ಟು ಓಡಾಡುತ್ತಿರುವುದು ಅಂಥ ಗಾಜಿನ ದಯೆಯಿಂದ. ರಸ್ತೆಗಿಳಿಯುವ ಗಾಡಿಗೆ ಅದು ಸಾಕು. ಅದನ್ನು ಟೀ ಡಿಕಾಕ್ಷನ್‌ನಲ್ಲಿ ನೆನೆಸಿ, ಮಣ್ಣಲ್ಲಿ ಹೂತು, 'ಇಂಗ್ಲೆಂಡ್ ಮಾಲು' ಅಂತ ಮಾರುವವರ ಮೇಲೆ ಮಾತ್ರ ನನ್ನ ಸಿಟ್ಟು.

ರಾಯಚೂರು ಸ್ಟೇಷನ್ ರಸ್ತೆಯ ನಿವೃತ್ತರೊಬ್ಬರು: ನೀಲಿ ಬಣ್ಣದ ದಪ್ಪ ಗಾಜು ಒಂದಿದೆ. ಪೊಲೀಸ್ ಜೀಪಿನದು ಅಂತ ಮಾರಿದರು. ಒಳಗಡೆ ಉಂಗುರ ಉಂಗುರದ ಮೆಟ್ಟಿಲುಗಳಿವೆ.

ಫೋಟೊ ನೋಡಿದರೆ ಗಾಡಿಯದಲ್ಲ, ರೈಲ್ವೆ ಸಿಗ್ನಲ್ಲಿನದು. ಬಣ್ಣವೂ ನೀಲಿ ಅಲ್ಲ, ಹಸಿರು! ನಗಬೇಡಿ. ಒಂದು ಸೀಮೆಎಣ್ಣೆ ದೀಪ ಹಚ್ಚಿ ಅದರ ಮುಂದೆ ಹಿಡಿಯಿರಿ. ಸೀಮೆಎಣ್ಣೆಯ ಉರಿ ಹಳದಿ. ಹಳದಿ ಉರಿಗೆ ನೀಲಿ ಬೆರೆತ ಹಸಿರು ಗಾಜು ಅಡ್ಡ ಬಂದಾಗ ಡ್ರೈವರ್‌ಗೆ ಅಚ್ಚ ಹಸಿರು ಕಾಣುತ್ತಿತ್ತು. ಉಂಗುರದ ಮೆಟ್ಟಿಲು ಇರುವುದು ದಪ್ಪ ಮಸೂರದ ಕೆಲಸವನ್ನು ಕಡಿಮೆ ಗಾಜಿನಲ್ಲಿ ಮಾಡಲಿಕ್ಕೆ. ಬೆಳಕನ್ನು ಒಟ್ಟು ಮಾಡಿ ಹಳಿಯ ಉದ್ದಕ್ಕೂ ಕಳಿಸುತ್ತದೆ.

ಒಂದು ಕಿವಿಮಾತು. ರೈಲ್ವೆ ಸಾಮಾನು ಇಟ್ಟುಕೊಳ್ಳುವುದಕ್ಕೆ 1966ರ ಕಾಯ್ದೆ ಇದೆ, ಕದ್ದ ಮಾಲು ಅಂತ ಅನುಮಾನ ಬಂದರೆ ಲೆಕ್ಕ ಕೊಡಬೇಕಾದವರು ನೀವು. ಮಾರಿದವರ ಹತ್ತಿರ ಹರಾಜಿನ ರಸೀದಿ ಕೇಳಿ ತೆಗೆದಿಟ್ಟುಕೊಳ್ಳಿ.

ಲಿಂಗಸುಗೂರಿನ ಓದುಗ: ಹಟ್ಟಿ ಚಿನ್ನದ ಗಣಿ ಹತ್ತಿರದ ಗುಜರಿಯಲ್ಲಿ ಹಿತ್ತಾಳೆ ಲಾಂದ್ರ ಸಿಕ್ಕಿತು. ಮುಂದೆ ಉಬ್ಬು ಗಾಜು, ಪಕ್ಕಕ್ಕೆ ಒಂದು ಕೆಂಪು, ಒಂದು ಹಸಿರು ಹರಳು. ಗಣಿಯದೇ?

ಗಣಿಯದಲ್ಲ ಅನ್ನಿಸುತ್ತದೆ. ಪಕ್ಕದ ಹರಳು ಇದ್ದದ್ದು ಹಳೇ ಸೈಕಲ್ ಲಾಂದ್ರಗಳಿಗೆ. ತಳದ ಡಬ್ಬಿ ತಿರುಗಿಸಿ ಬಿಚ್ಚುವಂತಿದ್ದು, ಮೇಲೆ ನೀರಿನ ತೊಟ್ಟಿ ಇದ್ದರೆ ಕಾರ್ಬೈಡ್ ದೀಪ. ಕಾರ್ಬೈಡಿನ ಮೇಲೆ ಹನಿ ಹನಿ ನೀರು ಬಿದ್ದು ಅಸಿಟಿಲಿನ್ ಗ್ಯಾಸ್ ಎದ್ದು ಉರಿಯುತ್ತಿತ್ತು. ಹಚ್ಚಿ ನೋಡುವ ಆಸೆ ಬಿಡಿ. ಹರಳು ಕೂತಿರುವ ಹಿತ್ತಾಳೆ ಹಲ್ಲುಗಳನ್ನು ಎತ್ತಬೇಡಿ, ಒಮ್ಮೆ ಎತ್ತಿ ಮತ್ತೆ ಬಗ್ಗಿಸಿದರೆ ಮುರಿಯುತ್ತವೆ.

ಹಲವರು ಕೇಳಿದ್ದು: ನಿಮ್ಮ ಹತ್ತಿರ ಎಷ್ಟು ಗಾಜಿವೆ? ಮಾರುತ್ತೀರಾ?

ಎಣಿಸಿಲ್ಲ. ಮನೆಯವಳು ಎಣಿಸಿದ್ದಾಳೆ, ಅಂಕಿ ಹೇಳಿ ಆಗಾಗ ಹೆದರಿಸುತ್ತಾಳೆ. ಮಾರುವುದಿಲ್ಲ. ಗಾಡಿ ಓಡಿಸುವವರಾದರೆ ಒಡೆದ ಗಾಜಿನ ಚೂರು ತನ್ನಿ, ಅಂಗೈಯಷ್ಟಿದ್ದರೂ ಸಾಕು. ಗೋಡೆಯ ಮೇಲೆ ನಿಮ್ಮ ಚೂರಿನ ಬೆಳಕೂ ನನ್ನ ಗಾಜಿನ ಬೆಳಕೂ ಒಂದೇ ಥರ ಬಿದ್ದರೆ ಒಯ್ಯಿರಿ. ಸಂಜೆ ಏಳರ ಮೇಲೆ ಬನ್ನಿ, ಹಗಲು ಗೋಡೆಯ ಮೇಲೆ ಏನೂ ಕಾಣುವುದಿಲ್ಲ. ಭಾನುವಾರ ಅಂಗಡಿ ಬಂದ್.